ಮಗಳ ಕಾರಿಗೆ ಕಾಯದೆ ಸನ್ನಿವೇಲ್ ಸುತ್ತುವುದು: ಬಸ್ಸೋ, ರೈಲೋ, ಬಾರ್ಟೋ?

"ಶನಿವಾರದ ತನಕ ತಡ್ಕೋ ಅಮ್ಮ, ಕಾರಲ್ಲಿ ಕರ್ಕೊಂಡು ಹೋಗ್ತೀನಿ." ಕ್ಯಾಲಿಫೋರ್ನಿಯಾದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದ ಅಪ್ಪ ಅಮ್ಮಂದಿರಿಗೆಲ್ಲ ಈ ಮಾತು ಬಾಯಿಪಾಠ. ಶನಿವಾರವೇನೋ ಬರುತ್ತದೆ. ಬೆಳಿಗ್ಗೆ ಮೊಮ್ಮಗನ ಈಜಿನ ಕ್ಲಾಸು, ಮಧ್ಯಾಹ್ನ ವಾರದ ಸಾಮಾನು, ಸಂಜೆ ಯಾರದೋ ಮಗುವಿನ ಬರ್ತ್‌ಡೇ. ದಿನ ಮುಗಿಯಿತು. 2025ರಲ್ಲಿ ನಾನೂ ನಮ್ಮನೆಯವರೂ ಸನ್ನಿವೇಲ್‌ನಲ್ಲಿ ಐದು ತಿಂಗಳಿದ್ದೆವು. ಮೊದಲ ಮೂರು ವಾರ ಶನಿವಾರಗಳನ್ನು ಎಣಿಸಿದೆವು, ನಾಲ್ಕನೆಯ ವಾರ ಬಸ್ಸು ಹತ್ತಿದೆವು. ಮೈಸೂರಿನಲ್ಲಿ ನಲವತ್ತು ವರ್ಷ ಸಿಟಿ ಬಸ್ಸಿನಲ್ಲೇ ಓಡಾಡಿದವರಿಗೆ ಇದೇನು ಮಹಾ ಅನ್ನುವ ಧೈರ್ಯ. ಅದರಲ್ಲಿ ಅರ್ಧ ಧೈರ್ಯ ಮೊದಲ ದಿನವೇ ಇಳಿಯಿತು ಅನ್ನುವುದು ಬೇರೆ ವಿಷಯ. ರಸ್ತೆಯ ಎಡಬದಿಯಲ್ಲಿ ನಿಂತು ಕಾಯುತ್ತಿದ್ದೆವು, ನಮ್ಮ ಬಸ್ಸು ಎದುರುಬದಿಯಲ್ಲಿ ಬಂದು ಹೊರಟೇಹೋಯಿತು. ಅಲ್ಲಿ ಗಾಡಿಗಳೆಲ್ಲ ಬಲಕ್ಕೆ ಓಡುತ್ತವೆ ಅನ್ನುವುದು ತಲೆಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ.

ಸನ್ನಿವೇಲ್ ಒಂದೂವರೆ ಲಕ್ಷ ಜನರ ಊರು. ಆದರೆ ನಮ್ಮ ಲೆಕ್ಕದ ಊರಲ್ಲ. ಅರುವತ್ತು ಎಪ್ಪತ್ತು ವರ್ಷದ ಹಿಂದೆ ಇದೆಲ್ಲ ಏಪ್ರಿಕಾಟ್, ಚೆರ್ರಿ, ಪ್ಲಮ್ ಹಣ್ಣಿನ ತೋಟ. ಡಬ್ಬಿಯಲ್ಲಿ ಹಣ್ಣು ತುಂಬುತ್ತಿದ್ದ ಲಿಬ್ಬಿ ಕಾರ್ಖಾನೆಯ ನೀರಿನ ಟ್ಯಾಂಕು, ಹಣ್ಣಿನ ಡಬ್ಬಿಯ ಹಾಗೇ ಬಣ್ಣ ಬಳಿದುಕೊಂಡು ಇವತ್ತಿಗೂ ನಿಂತಿದೆ. ತೋಟ ಹೋಗಿ ಬಡಾವಣೆಗಳಾದವು. ಅವು ಎದ್ದದ್ದು ಪ್ರತಿ ಮನೆಯಲ್ಲೂ ಕಾರಿದೆ ಎಂದುಕೊಂಡು. ನಮ್ಮಲ್ಲಿ ಯಾವ ಬಸ್ಸು ಹತ್ತಿದರೂ ಕೊನೆಗೆ ಸಿಟಿ ಬಸ್ ಸ್ಟ್ಯಾಂಡ್ ಸಿಗುತ್ತದೆ. ಇಲ್ಲಿ ಎಲ್ಲ ದಾರಿಯೂ ಕೂಡುವ ಅಂಥ ನಡುಮನೆ ಇಲ್ಲ. ಹಾಗಾಗಿ ಯಾವುದು ವೇಗ, ಯಾವುದು ಅಗ್ಗ ಅಂತ ಹೋಲಿಸುತ್ತಾ ಕೂತರೆ ಉಪಯೋಗವಿಲ್ಲ. ನಾವು ಎರಡೇ ಪ್ರಶ್ನೆ ಇಟ್ಟುಕೊಂಡೆವು: ಇದು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ? ಇಳಿದ ಮೇಲೆ ಎಷ್ಟು ನಡೆಯಬೇಕು? ನಮ್ಮನೆಯವರ ಮಂಡಿಯ ದೆಸೆಯಿಂದ ಎರಡನೆಯದಕ್ಕೆ ತೂಕ ಜಾಸ್ತಿ.

ಮೊದಲು ಕಾರ್ಡು

ಬಸ್ಸು, ಟ್ರಾಮಿನಂಥ ಲೈಟ್ ರೈಲು, ಸ್ಯಾನ್ ಹೋಸೆಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಓಡುವ ಕ್ಯಾಲ್‌ಟ್ರೇನ್, ನಮ್ಮ ಮೆಟ್ರೋದಂಥ ಬಾರ್ಟ್ ಎಲ್ಲಕ್ಕೂ ಒಂದೇ ಕಾರ್ಡು, ಅದರ ಹೆಸರು ಕ್ಲಿಪ್ಪರ್. ನಿಮಗೆ 65 ತುಂಬಿದ್ದರೆ ಮಾಮೂಲಿ ಕಾರ್ಡು ಕೊಳ್ಳಬೇಡಿ. ಹಿರಿಯರ ಕ್ಲಿಪ್ಪರ್ ಕಾರ್ಡಿಗೆ ಅರ್ಜಿ ಹಾಕಿ, ವಯಸ್ಸಿನ ಪುರಾವೆಗೆ ನಮ್ಮ ಪಾಸ್‌ಪೋರ್ಟೇ ನಡೆಯುತ್ತದೆ. ಅಮೆರಿಕದ ಪೌರರಿಗೆ ಮಾತ್ರ ಅಂತ ಅಲ್ಲ. ಇದು ಗೊತ್ತಿಲ್ಲದೆ ಪೂರ್ತಿ ದುಡ್ಡು ಕೊಟ್ಟು ಓಡಾಡುವ ನಮ್ಮವರನ್ನು ಪಾರ್ಕಿನಲ್ಲಿ ಎಷ್ಟು ಜನ ಕಂಡೆನೋ. ವ್ಯತ್ಯಾಸ ಸಣ್ಣದಲ್ಲ: ವಿಟಿಎ (ಇಲ್ಲಿನ ಬಸ್ಸು, ಲೈಟ್ ರೈಲು ಓಡಿಸುವ ಸಂಸ್ಥೆ) ಬಸ್ಸಿನಲ್ಲಿ ದೊಡ್ಡವರಿಗೆ 2.50 ಡಾಲರ್ ಇದ್ದಾಗ ಹಿರಿಯರಿಗೆ 1 ಡಾಲರ್, ಕ್ಯಾಲ್‌ಟ್ರೇನ್‌ನಲ್ಲಿ ಅರ್ಧ ದರ, ಬಾರ್ಟ್‌ನಲ್ಲಿ ಶೇಕಡಾ 62.5 ಕಡಿತ. ಕ್ಲಿಪ್ಪರ್ ತೋರಿಸಿದರೆ ವಿಟಿಎಯಲ್ಲಿ ಎರಡು ಗಂಟೆಯೊಳಗೆ ಇನ್ನೊಂದು ಬಸ್ಸಿಗೋ ಲೈಟ್ ರೈಲಿಗೋ ಹತ್ತಿದರೆ ಮತ್ತೆ ದುಡ್ಡಿಲ್ಲ. ತರಕಾರಿಗೆ ಹೋಗಿ ಬೇಗ ಮುಗಿಸಿದರೆ ಹೋಗಿಬರುವ ಎರಡೂ ಪ್ರಯಾಣ ಒಂದೇ ಡಾಲರಿನಲ್ಲಿ. ನಾವು ಇದನ್ನೊಂದು ಪಂದ್ಯದ ಹಾಗೆ ಆಡುತ್ತಿದ್ದೆವು.

65 ಆಗಿಲ್ಲದವರು ವಾಲ್‌ಗ್ರೀನ್ಸ್ ಅಂಗಡಿಯಲ್ಲಿ ಮಾಮೂಲಿ ಕಾರ್ಡು ತೆಗೆದುಕೊಳ್ಳಬಹುದು. ಬಾರ್ಟ್ ಗೇಟುಗಳಲ್ಲಿ 2025ರ ಆಗಸ್ಟ್‌ನಿಂದ ಬ್ಯಾಂಕಿನ ಕಾರ್ಡನ್ನೇ ತಟ್ಟಬಹುದು. ಆದರೆ ಹಾಗೆ ತಟ್ಟಿದರೆ ಹಿರಿಯರ ರಿಯಾಯಿತಿ ಇಲ್ಲ, ಪೂರ್ತಿ ದರವೇ ಕತ್ತರಿಸುತ್ತದೆ. ನಮ್ಮೂರ ಬ್ಯಾಂಕಿನ ಕಾರ್ಡಾದರೆ ವಿದೇಶದ ವಹಿವಾಟನ್ನೂ, ತಟ್ಟಿ ಪಾವತಿಸುವ ಸೌಲಭ್ಯವನ್ನೂ ಹೊರಡುವ ಮೊದಲೇ ಆನ್ ಮಾಡಿಸಿಕೊಂಡಿರಬೇಕು.

ನಗದು ಕೊಡುತ್ತೇನೆ ಅನ್ನುವವರಿಗೆ ಒಂದು ಮಾತು. ಡ್ರೈವರ್ ಪಕ್ಕದ ಪೆಟ್ಟಿಗೆ ಐದು ಡಾಲರ್ ನೋಟು ನುಂಗಿದರೆ ಚಿಲ್ಲರೆ ವಾಪಸ್ ಕೊಡುವುದಿಲ್ಲ. ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡಲು ಅಲ್ಲಿ ಕಂಡಕ್ಟರೂ ಇಲ್ಲ.

ಬಸ್ಸು: ರಾಜಮಾರ್ಗ ಸಿಕ್ಕರೆ ಗೆದ್ದಿರಿ

ಎಲ್ ಕಮೀನೋ ರಿಯಾಲ್ ಎಂಬ ರಸ್ತೆ ಊರನ್ನು ಸೀಳಿಕೊಂಡು ಹೋಗುತ್ತದೆ. ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ ರಾಜಮಾರ್ಗ ಅಂತಲೇ. ಇಂಡಿಯನ್ ದಿನಸಿ ಅಂಗಡಿ, ದೋಸೆ ಹೋಟೆಲು, ಔಷಧದಂಗಡಿ, ದಂತವೈದ್ಯರು ಬಹುಪಾಲು ಇದೇ ರಸ್ತೆಯಲ್ಲಿದ್ದಾರೆ. ಇದರ ಮೇಲೆ ಎರಡು ಬಸ್ಸುಗಳು: 22 ಮತ್ತು 522. ಎರಡೂ ಒಂದು ಕಡೆ ಪಾಲೋ ಆಲ್ಟೋ, ಇನ್ನೊಂದು ಕಡೆ ಸ್ಯಾನ್ ಹೋಸೆ ದಾಟಿ ಈಸ್ಟ್‌ರಿಡ್ಜ್. 22 ನಮ್ಮ ಶಟಲ್ ಗಾಡಿಯ ಹಾಗೆ, ಸ್ಟಾಪು ಸ್ಟಾಪಿಗೂ ನಿಲ್ಲುತ್ತದೆ. 522 ದೊಡ್ಡ ಸ್ಟಾಪುಗಳಲ್ಲಿ ಮಾತ್ರ ನಿಲ್ಲುವ ತಡೆರಹಿತದ ತಮ್ಮ. ಎರಡಕ್ಕೂ ದರ ಒಂದೇ.

ಯಾವುದು ಮೇಲು? ಮಗಳು 522 ಅನ್ನುತ್ತಾಳೆ, ನನ್ನ ಓಟು 22ಕ್ಕೆ. ಎರಡು ಮೂರು ಮೈಲಿಯ ಪ್ರಯಾಣದಲ್ಲಿ 522 ಉಳಿಸುವುದು ನಾಲ್ಕಾರು ನಿಮಿಷ. ಅದರ ಸ್ಟಾಪಿಗೆ ಹೋಗಲು, ಇಳಿದು ಅಂಗಡಿಗೆ ವಾಪಸ್ ನಡೆಯಲು ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಪಾಲೋ ಆಲ್ಟೋದಂಥ ದೂರಕ್ಕಾದರೆ ಮಾತ್ರ 522. ಎರಡೂ ಹಗಲಿನಲ್ಲಿ ಸುಮಾರು ಕಾಲು ಗಂಟೆಗೊಂದು ಬರುತ್ತವೆ, ಆದ್ದರಿಂದ ತಪ್ಪಿದರೂ ಎದೆ ಧಸಕ್ಕೆನ್ನುವುದಿಲ್ಲ. ನನ್ನ ಎರಡು ಪ್ರಶ್ನೆಗೂ ಸರಿಯಾದ ಉತ್ತರ ಕೊಡುವುದು ಇಡೀ ಊರಿನಲ್ಲಿ ಈ ರಸ್ತೆಯೊಂದೇ.

ಅಡ್ಡರಸ್ತೆಗಳ ಬಸ್ಸಿನ ಕಥೆ ಬೇರೆ. ಕೂಪರ್ಟಿನೋದ ಡಿ ಆಂಜಾ ಕಾಲೇಜಿನ ಕಡೆಯಿಂದ ಸನ್ನಿವೇಲ್ ಪೇಟೆಗೆ ಬರುವ 55, ಅದೇ ದಿಕ್ಕಿನ 523 ಉಪಯೋಗಕ್ಕೆ ಬರುತ್ತವೆ. ಆದರೆ ವೇಳೆ ನೋಡದೆ ಮನೆ ಬಿಡಬಾರದು. ಮ್ಯಾಪಿನಲ್ಲಿ ಬಸ್ಸು ಎಲ್ಲಿದೆ ಎಂದು ನೋಡಿಕೊಂಡೇ ಚಪ್ಪಲಿ ಮೆಟ್ಟಿ. ಎಷ್ಟೋ ಸ್ಟಾಪುಗಳಲ್ಲಿ ನೆರಳಿಲ್ಲ. ಒಂದು ಕಂಬ, ಕಂಬಕ್ಕೊಂದು ತಗಡು, ಅಷ್ಟೇ. ಜುಲೈ ಮಧ್ಯಾಹ್ನ ಅಲ್ಲಿ ಇಪ್ಪತ್ತೈದು ನಿಮಿಷ ನಿಲ್ಲುವುದಕ್ಕೆ ನಂಜನಗೂಡಿನ ಜಾತ್ರೆಯೇ ವಾಸಿ. ಟೋಪಿ, ನೀರು ಇರಲಿ.

ಬಸ್ಸಿನೊಳಗಿನ ರೀತಿನೀತಿ ಬೇಗ ಕಲಿಯಬಹುದು. ಮುಂದಿನ ಬಾಗಿಲಲ್ಲಿ ಹತ್ತಿ ಕಾರ್ಡು ತಟ್ಟಬೇಕು, ಇಳಿಯುವಾಗ ತಟ್ಟುವುದಿಲ್ಲ. ಕೇಳಿದರೆ ಡ್ರೈವರು ಹಲಗೆ ಬಿಡುತ್ತಾರೆ, ಗಾಡಿಯನ್ನೇ ಪಕ್ಕಕ್ಕೆ ಬಾಗಿಸುತ್ತಾರೆ. ಮಂಡಿನೋವಿದ್ದವರು ನಾಚಿಕೊಳ್ಳಬೇಡಿ. ಮುಂದಿನ ಸೀಟು ವಯಸ್ಸಾದವರದು. ಇಳಿಯಬೇಕಾದ ಸ್ಟಾಪಿಗೆ ಮೊದಲೇ ಕಿಟಕಿ ಪಕ್ಕದ ಹಗ್ಗ ಎಳೆಯಬೇಕು, ಇಲ್ಲದಿದ್ದರೆ ನಿಲ್ಲಿಸುವುದಿಲ್ಲ. "ಹೋಲ್ಡಾನ್" ಅಂತ ಕೂಗುವವರಿಲ್ಲ. ಇಳಿದು ರಾಜಮಾರ್ಗ ದಾಟುವುದೇ ದೊಡ್ಡ ಕೆಲಸ, ಆರು ಸಾಲು ಗಾಡಿ. ಸಿಗ್ನಲ್ ಕಂಬದ ಗುಂಡಿ ಒತ್ತಿದರೆ ಮಾತ್ರ ನಡೆಯುವವರಿಗೆ ದಾರಿ ಬಿಡುತ್ತದೆ. ಎಷ್ಟು ಹೊತ್ತು ನಿಂತರೂ ತಾನಾಗಿ ಬರಲಿಲ್ಲವಲ್ಲ ಅಂತ ಬೈದುಕೊಂಡದ್ದು ನಾವೇ ಮೊದಲಿಗರಲ್ಲ ಎಂದು ಆಮೇಲೆ ಗೊತ್ತಾಯಿತು.

ಲೈಟ್ ರೈಲು: ದೇವಸ್ಥಾನಕ್ಕೆ ಸರಿ, ದೂರಕ್ಕೆ ಬೇಡ

ಇದೂ ವಿಟಿಎಯದೇ, ಬಸ್ಸಿನದೇ ದರ. ಊರಿನ ಉತ್ತರ ಅಂಚಿನಲ್ಲಿ, ಟಾಸ್ಮನ್ ರಸ್ತೆಯ ನಡುವೆ ಆರೆಂಜ್ ಲೈನ್ ಓಡುತ್ತದೆ. ಮೌಂಟನ್ ವ್ಯೂನ ಕ್ಯಾಲ್‌ಟ್ರೇನ್ ನಿಲ್ದಾಣದಿಂದ ಹೊರಟು ಮಿಲ್ಪೀಟಸ್‌ನ ಬಾರ್ಟ್ ನಿಲ್ದಾಣ ಮುಟ್ಟಿ ಆಲಮ್ ರಾಕ್‌ವರೆಗೆ. ಪರ್ಷಿಯನ್ ಡ್ರೈವ್‌ನ ಸನ್ನಿವೇಲ್ ಹಿಂದೂ ದೇವಸ್ಥಾನಕ್ಕೆ ಹೋಗಲು ಫೇರ್ ಓಕ್ಸ್ ಸ್ಟೇಷನ್ನಿನಲ್ಲಿ ಇಳಿದು ನಡೆಯಬಹುದು. ಸೋಮವಾರ ಬೆಳಿಗ್ಗೆ ಜನ ಕಡಿಮೆ, ಆರಾಮಾಗಿ ಮಂಗಳಾರತಿ ನೋಡಿಕೊಂಡು ಬರಬಹುದು. ಭಾನುವಾರ ಮಗಳ ಕಾರಿನಲ್ಲಿ ಹೋದರೆ ಪಾರ್ಕಿಂಗ್ ಹುಡುಕುವಷ್ಟರಲ್ಲೇ ಆರತಿ ಮುಗಿದಿರುತ್ತದೆ.

ಗೇಟು ಇಲ್ಲ, ಗಾಡಿಯೊಳಗೆ ಟಿಕೆಟ್ ಕೊಡುವವರೂ ಇಲ್ಲ. ಪ್ಲಾಟ್‌ಫಾರ್ಮಿನ ಮೇಲೆ ಕಂಬಕ್ಕೆ ಕಾರ್ಡು ತಟ್ಟಿಯೇ ಹತ್ತಬೇಕು. ಯಾರೂ ಕೇಳಲ್ಲ ಎಂದುಕೊಂಡ ದಿನವೇ ತಪಾಸಣೆಯವರು ಹತ್ತುತ್ತಾರೆ. ಕೂರಲು ಹಿತ, ಕುಲುಕಾಟವಿಲ್ಲ, ಆದರೆ ನಿಧಾನ. ಸಿಗ್ನಲ್ಲಿಗೆ ನಿಲ್ಲುತ್ತದೆ, ತಿರುವಿಗೆ ಅಳುಕುತ್ತದೆ. ಸ್ಯಾನ್ ಹೋಸೆ ಪೇಟೆಗೆ ಇದರಲ್ಲಿ ಹೋಗುತ್ತೇನೆಂದರೆ ನಾನು ಬೇಡ ಅನ್ನುತ್ತೇನೆ, ಕ್ಯಾಲ್‌ಟ್ರೇನ್ ಹಿಡಿಯಿರಿ. ಇನ್ನೊಂದು, ಸ್ಯಾಂಟಾ ಕ್ಲಾರಾದ ಲೀವೈಸ್ ಕ್ರೀಡಾಂಗಣ ಇದೇ ದಾರಿಯಲ್ಲಿದೆ. ಪಂದ್ಯದ ದಿನ ಕೆಂಪು ಅಂಗಿಯವರು ಗಾಡಿ ತುಂಬಿಕೊಳ್ಳುತ್ತಾರೆ, ಅವತ್ತು ದೇವರಿಗೆ ಮನೆಯಲ್ಲೇ ಕೈಮುಗಿಯಿರಿ.

ಸ್ಯಾನ್ ಫ್ರಾನ್ಸಿಸ್ಕೋಗೆ: ಕ್ಯಾಲ್‌ಟ್ರೇನೋ ಬಾರ್ಟೋ?

ಊರಿಂದ ಬಂದವರು ಎಲ್ಲರೂ ಕೇಳುವುದು ಇದನ್ನೇ. ಉತ್ತರ ನಿಮ್ಮ ಮಕ್ಕಳ ಮನೆಯ ವಿಳಾಸದಲ್ಲಿದೆ. ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ ಕ್ಯಾಲ್‌ಟ್ರೇನ್, ಪೂರ್ವ ದಂಡೆಯಲ್ಲಿ ಬಾರ್ಟ್. ಫ್ರೀಮಾಂಟ್, ಮಿಲ್ಪೀಟಸ್‌ನಲ್ಲಿದ್ದರೆ ಯೋಚನೆಯೇ ಬೇಡ, ಬಾರ್ಟ್. 1972ರಲ್ಲಿ ಶುರುವಾದ ಬಾರ್ಟ್ ಮಿಲ್ಪೀಟಸ್‌ಗೆ ಬಂದದ್ದು 2020ರ ಜೂನ್‌ನಲ್ಲಿ. ಅದಕ್ಕೆ ಮೊದಲಿನ ಅನುಭವ ಹೇಳುವ ಬಂಧುಗಳ ಮಾತು ಈಗ ಅನ್ವಯಿಸುವುದಿಲ್ಲ. ಸನ್ನಿವೇಲ್, ಮೌಂಟನ್ ವ್ಯೂನಲ್ಲಿದ್ದರೆ ಕ್ಯಾಲ್‌ಟ್ರೇನ್. ಸನ್ನಿವೇಲ್‌ನಿಂದ ಬಾರ್ಟ್ ಹಿಡಿಯಲು ಮೊದಲು ಆ ನಿಧಾನದ ಲೈಟ್ ರೈಲಿನಲ್ಲಿ ಮಿಲ್ಪೀಟಸ್‌ಗೆ ಹೋಗಬೇಕು, ಅಲ್ಲಿಂದ ಮತ್ತೆ ಸುಮಾರು ಒಂದು ಗಂಟೆ. ಮೂಗು ಹಿಡಿಯಲು ತಲೆಯ ಸುತ್ತ ಕೈ ತಂದ ಹಾಗೆ.

ಕ್ಯಾಲ್‌ಟ್ರೇನ್ ನನಗೆ ಇಷ್ಟವಾಯಿತು ಅಂತ ಮೊದಲೇ ಒಪ್ಪಿಕೊಳ್ಳುತ್ತೇನೆ, ಹೋಲಿಕೆಯಲ್ಲಿ ಸ್ವಲ್ಪ ಪಕ್ಷಪಾತ ಇದ್ದರೆ ಕ್ಷಮಿಸಿ. ಹಳೆಯ ಡೀಸೆಲ್ ಗಾಡಿ ಹೋಗಿ 2024ರ ಸೆಪ್ಟೆಂಬರ್‌ನಿಂದ ಕರೆಂಟಿನ ಎರಡಂತಸ್ತಿನ ರೈಲು ಓಡುತ್ತಿದೆ. ಮೇಲಂತಸ್ತಿನಲ್ಲಿ ಕೂತರೆ ದಾರಿಯುದ್ದಕ್ಕೂ ಊರುಗಳ ಹಿತ್ತಿಲು ಕಾಣುತ್ತದೆ. ಮುಖ್ಯವಾಗಿ, ಗಾಡಿಯಲ್ಲಿ ಶೌಚಾಲಯ ಇದೆ. ಬಾರ್ಟ್ ಗಾಡಿಯಲ್ಲಿ ಇಲ್ಲ, ಬಸ್ಸಿನಲ್ಲಿ ಲೈಟ್ ರೈಲಿನಲ್ಲಿ ಇಲ್ಲವೇ ಇಲ್ಲ. ಸಕ್ಕರೆ ಕಾಯಿಲೆಯವರಿಗೆ, ನೀರಿನ ಮಾತ್ರೆ ತೆಗೆದುಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಮಾಹಿತಿ ಇನ್ನೇನು? ಚಿಕ್ಕವರು ಬರೆಯುವ ಮಾರ್ಗದರ್ಶಿಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಏಳು ಬೋಗಿಗೆ ಒಂದೇ ಇರುವುದು, ಹತ್ತುವಾಗಲೇ ಎಲ್ಲಿದೆ ಎಂದು ನೋಡಿಕೊಳ್ಳಿ.

ನಂಬರು ಓದಲು ಕಲಿಯಬೇಕು. 100ರ ಸಾಲಿನವು ಪ್ಯಾಸೆಂಜರ್ ಗಾಡಿ, ಹೆಚ್ಚುಕಡಿಮೆ ಎಲ್ಲ ಕಡೆ ನಿಲ್ಲುತ್ತವೆ. 400ರವು ಕೆಲವು ಬಿಡುತ್ತವೆ, 500ರವು ಎಕ್ಸ್‌ಪ್ರೆಸ್, ವಾರಾಂತ್ಯದವು 600. ನಾರ್ತ್‌ಬೌಂಡ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೋ, ಸೌತ್‌ಬೌಂಡ್ ಅಂದರೆ ಸ್ಯಾನ್ ಹೋಸೆ. ಪ್ಯಾಸೆಂಜರಿಗೂ ಸನ್ನಿವೇಲ್‌ನಿಂದ ಒಂದು ಗಂಟೆಯ ಆಸುಪಾಸು, ಎಕ್ಸ್‌ಪ್ರೆಸ್ಸಿಗೆ ಓಡಿ ಉಸಿರು ಕಟ್ಟಿಸಿಕೊಳ್ಳುವ ಅಗತ್ಯವಿಲ್ಲ. ಮಧ್ಯಾಹ್ನವಾಗಲಿ ಶನಿವಾರ ಭಾನುವಾರವಾಗಲಿ ಅರ್ಧ ಗಂಟೆಗೊಂದು ಗಾಡಿ. ನನ್ನ ಮೊದಲ ಪ್ರಶ್ನೆಗೆ ಅದು ಪಾಸ್ ಮಾರ್ಕು, ರ‍್ಯಾಂಕ್ ಅಲ್ಲ.

ದರದಲ್ಲಿ ಒಂದು ಚಮತ್ಕಾರ ಇದೆ. ಕ್ಯಾಲ್‌ಟ್ರೇನ್ ದಾರಿಯನ್ನು ವಲಯಗಳಾಗಿ ಭಾಗ ಮಾಡಿ ದರ ಹಾಕುತ್ತಾರೆ. ಸನ್ನಿವೇಲ್ ಊರಿಗೆ ಎರಡು ನಿಲ್ದಾಣ: ಪೇಟೆಯ ಮರ್ಫಿ ಬೀದಿ ಪಕ್ಕದ ಸನ್ನಿವೇಲ್, ಪೂರ್ವಕ್ಕೆ ಲಾರೆನ್ಸ್. ಗಡಿ ಬಿದ್ದಿರುವುದು ಇವೆರಡರ ನಡುವೆಯೇ! ಸನ್ನಿವೇಲ್ ಮೂರನೆಯ ವಲಯದ ಕೊನೆ, ಲಾರೆನ್ಸ್ ನಾಲ್ಕನೆಯದರ ಮೊದಲು. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋಗೆ ಸನ್ನಿವೇಲ್‌ನಲ್ಲಿ ಹತ್ತಿದರೆ ಒಂದು ವಲಯದ ದುಡ್ಡು ಉಳಿತಾಯ, ಸ್ಯಾನ್ ಹೋಸೆಗೆ ಲಾರೆನ್ಸ್‌ನಲ್ಲಿ ಹತ್ತಿದರೆ. ನಮ್ಮ ಸ್ಟೇಜ್ ಲೆಕ್ಕ ಗೊತ್ತಿದ್ದವರಿಗೆ ಇದು ಬೇಗ ಹೊಳೆಯುತ್ತದೆ. ಮುಂದಿನ ಸ್ಟೇಜಿನಲ್ಲಿ ಹತ್ತಿ ಎಂಟಾಣೆ ಉಳಿಸಿದ ಕಾಲೇಜು ದಿನಗಳು ನೆನಪಾದವು.

ಎಚ್ಚರ ಒಂದೇ. ಕ್ಯಾಲ್‌ಟ್ರೇನ್‌ನಲ್ಲಿ ಹತ್ತುವ ಮೊದಲು ಪ್ಲಾಟ್‌ಫಾರ್ಮಿನಲ್ಲಿ ತಟ್ಟಬೇಕು, ಇಳಿದ ಮೇಲೂ ತಟ್ಟಬೇಕು. ಎರಡನೆಯದು ಮರೆತರೆ ಅತಿ ಹೆಚ್ಚಿನ ದರ ಕತ್ತರಿಸಿಹೋಗುತ್ತದೆ. ಬಾರ್ಟ್‌ನಲ್ಲಿ ಮರೆಯಲು ಸಾಧ್ಯವಿಲ್ಲ, ತಟ್ಟದೆ ಗೇಟೇ ತೆರೆಯುವುದಿಲ್ಲ. ಬಸ್ಸಿಗೆ ಒಂದೇ ಸಲ, ಲೈಟ್ ರೈಲಿಗೆ ಒಂದೇ ಸಲ, ಕ್ಯಾಲ್‌ಟ್ರೇನ್‌ಗೆ ಎರಡು ಸಲ. ಇದನ್ನು ನಮ್ಮನೆಯವರು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದರು. ಆದರೂ ಒಮ್ಮೆ ಮರೆತರು.

ಬಾರ್ಟ್‌ಗೆ ಒಂದು ಅನುಕೂಲ ಇದೆ, ಅನ್ಯಾಯ ಮಾಡಬಾರದು. ಅದು ಮಾರ್ಕೆಟ್ ಸ್ಟ್ರೀಟ್‌ನ ಕೆಳಗೇ ತಂದಿಳಿಸುತ್ತದೆ, ಎಂಬಾರ್ಕಡೇರೊದಲ್ಲಿ ಮೆಟ್ಟಿಲು ಹತ್ತಿದರೆ ಫೆರಿ ಬಿಲ್ಡಿಂಗ್ ಕಣ್ಣೆದುರು. ಕ್ಯಾಲ್‌ಟ್ರೇನ್ ನಿಲ್ಲುವುದು ಫೋರ್ತ್ ಅಂಡ್ ಕಿಂಗ್‌ನಲ್ಲಿ, ಪೇಟೆಯ ನಡುವಿನಿಂದ ಸ್ವಲ್ಪ ದೂರ. ಅಲ್ಲಿಂದ ಆ ನಗರದ ಸಾರಿಗೆ ಸಂಸ್ಥೆ ಮ್ಯೂನಿಯ ಎನ್ ಟ್ರಾಮು ಸಮುದ್ರದಂಡೆಗುಂಟ ಹೋಗುತ್ತದೆ, ಟಿ ಟ್ರಾಮು 2023ರಿಂದ ನೆಲದಡಿಯ ಹೊಸ ದಾರಿಯಲ್ಲಿ ಯೂನಿಯನ್ ಸ್ಕ್ವೇರ್, ಚೈನಾಟೌನ್ ತಲುಪಿಸುತ್ತದೆ. ಕ್ಲಿಪ್ಪರ್ ಅಲ್ಲೂ ನಡೆಯುತ್ತದೆ.

ಸ್ಟ್ಯಾನ್‌ಫರ್ಡ್ ನೋಡಲು ಪಾಲೋ ಆಲ್ಟೋಗೂ ಕ್ಯಾಲ್‌ಟ್ರೇನೇ. ಹತ್ತು ಹದಿನೈದು ನಿಮಿಷ ಅಷ್ಟೇ. ನಿಲ್ದಾಣದ ಹೊರಗೆ ವಿಶ್ವವಿದ್ಯಾಲಯದ ಮಾರ್ಗರೀಟ್ ಬಸ್ಸು ನಿಂತಿರುತ್ತದೆ, ಯಾರು ಬೇಕಾದರೂ ಹತ್ತಬಹುದು, ಪುಕ್ಕಟೆ. ಮೌಂಟನ್ ವ್ಯೂ ನಗರಕ್ಕೂ ಇಂಥದ್ದೇ ಪುಕ್ಕಟೆ ಬಸ್ಸು 2015ರಿಂದ ಇದೆ, ಊರು ಸುತ್ತುತ್ತದೆ. ಏನೂ ಕೆಲಸವಿಲ್ಲದ ದಿನ ಒಂದು ಸುತ್ತು ಕೂತು ಬರಬಹುದು. ನಾವು ಕೂತು ಬಂದೆವು.

ವಿಮಾನ ನಿಲ್ದಾಣ

ಸ್ಯಾನ್ ಹೋಸೆ ವಿಮಾನ ನಿಲ್ದಾಣಕ್ಕೆ ಕೈಚೀಲ ಮಾತ್ರ ಹಿಡಿದು ಹೋಗುವವರಿಗೆ ದಾರಿ ಸುಲಭ. ಸ್ಯಾಂಟಾ ಕ್ಲಾರಾವರೆಗೆ ಕ್ಯಾಲ್‌ಟ್ರೇನ್, ಅಲ್ಲಿಂದ 60ನೇ ನಂಬರಿನ ಬಸ್ಸು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಮಿಲ್‌ಬ್ರೇವರೆಗೆ ಕ್ಯಾಲ್‌ಟ್ರೇನ್, ಅಲ್ಲಿ ಬಾರ್ಟ್‌ಗೆ ಬದಲಾಯಿಸಿ ಒಂದೇ ಸ್ಟೇಷನ್. ಆ ಒಂದು ಸ್ಟೇಷನ್ನಿಗೆ ವಿಮಾನ ನಿಲ್ದಾಣದ ಹೆಚ್ಚುವರಿ ದರವೂ ಸೇರುತ್ತದೆ. ಕಾಗದದ ಮೇಲೆ ಎಲ್ಲ ಚೆನ್ನ. ಆದರೆ ತಲಾ ಎರಡು 23 ಕೆಜಿ ಪೆಟ್ಟಿಗೆ, ಅದರಲ್ಲಿ ಹುಳಿಪುಡಿ ಚಟ್ನಿಪುಡಿ ತುಂಬಿಕೊಂಡು ಬಂದವರು ಈ ಸಾಹಸಕ್ಕೆ ಇಳಿಯಬೇಡಿ. ಇಂಥ ಕಡೆ ಉಬರ್ ಇಲ್ಲವೇ ಲಿಫ್ಟ್ ಕಂಪನಿಯ ಟ್ಯಾಕ್ಸಿ, ಅಥವಾ ಮಗನ ಒಂದು ದಿನದ ರಜ.

ಕೆಲವು ಬೇಡಗಳು

ರಾತ್ರಿ ಊಟ ಮುಗಿಸಿ ಬರುತ್ತೇವೆ ಅನ್ನುವ ದಿನ ಹೋಗುವಾಗ ಬಸ್ಸು, ಬರುವಾಗ ಉಬರ್ ಅಂತ ಮೊದಲೇ ತೀರ್ಮಾನಿಸಿ. ಕತ್ತಲಾದ ಮೇಲೆ ಬಸ್ಸುಗಳ ನಡುವಿನ ಅಂತರ ಹಿಗ್ಗುತ್ತದೆ, ಬೀದಿಯಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಭಯದ ಮಾತಲ್ಲ, ಬೇಜಾರಿನ ಮಾತು. ಹೊರಡುವ ಬೆಳಿಗ್ಗೆ ಸುದ್ದಿಯನ್ನೂ ಒಮ್ಮೆ ನೋಡಿ: 2025ರ ಮಾರ್ಚ್‌ನಲ್ಲಿ ವಿಟಿಎ ನೌಕರರ ಮುಷ್ಕರದಿಂದ ಬಸ್ಸೂ ಲೈಟ್ ರೈಲೂ ಎರಡು ವಾರಕ್ಕೂ ಹೆಚ್ಚು ನಿಂತಿದ್ದವು. ಕ್ಯಾಲ್‌ಟ್ರೇನ್, ಬಾರ್ಟ್ ಬೇರೆ ಬೇರೆ ಸಂಸ್ಥೆಗಳಾದ್ದರಿಂದ ಅವು ಓಡುತ್ತಿದ್ದವು.

ಶನಿವಾರ ಬೆಳಿಗ್ಗೆ ಮರ್ಫಿ ಬೀದಿಯಲ್ಲಿ ರೈತರ ಸಂತೆ ಸೇರುತ್ತದೆ, ಕ್ಯಾಲ್‌ಟ್ರೇನ್ ನಿಲ್ದಾಣದ ಮಗ್ಗುಲಲ್ಲೇ. ಅದಕ್ಕೆ ಕಾರು ಬೇಡವೇ ಬೇಡ. ಕನ್ನಡ ಕೂಟದ ಕಾರ್ಯಕ್ರಮಗಳು ಮಾತ್ರ ಸಾಮಾನ್ಯವಾಗಿ ವಾರಾಂತ್ಯದಲ್ಲಿ, ಯಾವುದೋ ಶಾಲೆಯ ಸಭಾಂಗಣದಲ್ಲಿ. ಅಲ್ಲಿಗೆ ಅಕ್ಕಪಕ್ಕದ ಯಾರಾದರೂ ಹೊರಟಿದ್ದಾರಾ ವಿಚಾರಿಸುವುದು ಯಾವ ಆಪಿಗಿಂತಲೂ ವಾಸಿ.

ಇನ್ನು ಎಲ್ಲರೂ ಹೋಗಬೇಕೆನ್ನುವ ಲಿವರ್‌ಮೋರ್‌ನ ಶಿವ ವಿಷ್ಣು ದೇವಸ್ಥಾನ. ಬಾರ್ಟ್ ಡಬ್ಲಿನ್ ಪ್ಲೆಸೆಂಟನ್‌ಗೇ ಮುಗಿಯುತ್ತದೆ, ಲಿವರ್‌ಮೋರ್ ಮುಟ್ಟುವುದಿಲ್ಲ. ಸನ್ನಿವೇಲ್‌ನಿಂದ ಹೊರಟರೆ ಲೈಟ್ ರೈಲು, ಮಿಲ್ಪೀಟಸ್‌ನಲ್ಲಿ ಬಾರ್ಟ್, ಬೇ ಫೇರ್‌ನಲ್ಲಿ ಇಳಿದು ಇನ್ನೊಂದು ಬಾರ್ಟ್, ಆಮೇಲೆ ಅಲ್ಲಿಯ ಬಸ್ಸು. ಅಷ್ಟು ಹೊತ್ತಿಗೆ ಬಾಗಿಲು ಹಾಕಿರುತ್ತಾರೆ. ಇದೊಂದಕ್ಕೆ ಶನಿವಾರದ ತನಕ ತಡೆದುಕೊಳ್ಳಿ.